ದೇವರಿದ್ದಾನೋ ಇಲ್ಲವೋ: ಗೆಳೆತನ ಕೆಡದಂತೆ ವಾದ ಮಾಡುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಕಡೆ ನಾಲ್ಕು ಜನ ಚಹಾಕ್ಕೆ ಕೂತರೆ ಮಳೆ, ತೊಗರಿ ರೇಟು, ರಾಜಕೀಯ ಎಲ್ಲ ಮುಗಿದ ಮೇಲೆ ಮಾತು ದೇವರ ಹತ್ತಿರ ಬಂದೇ ಬರುತ್ತದೆ. ಜಾತ್ರೆ, ಉರುಸು, ಎಳ್ಳ ಅಮಾವಾಸ್ಯೆ ಹತ್ತಿರ ಬಂದರಂತೂ ಕೇಳುವುದೇ ಬೇಡ. ಗುಂಪಿನಲ್ಲಿ ಒಬ್ಬ ನಾಸ್ತಿಕ ಇದ್ದೇ ಇರುತ್ತಾನೆ, ಅವನ ಕಾಲೆಳೆಯುವವರೂ ಇರುತ್ತಾರೆ. ಕೆಲವು ಸಲ ನಕ್ಕು ಎದ್ದು ಹೋಗುತ್ತೇವೆ. ಕೆಲವು ಸಲ ತಿಂಗಳುಗಟ್ಟಲೆ ಮಾತು ಬಿಡುತ್ತೇವೆ.

ನಾನು ದೇವರನ್ನು ನಂಬುವವನು. ನನಗೆ ತುಂಬಾ ಹತ್ತಿರದ ಗೆಳೆಯರಲ್ಲಿ ಕೆಲವರು ನಂಬುವುದಿಲ್ಲ. ಈ ವಾದ ನಮಗೆ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ವಿಷಯವೇ ಬೇಡ ಅಂತ ಬಾಯಿ ಮುಚ್ಚಿಕೊಂಡರೆ ಒಬ್ಬರ ಬಗ್ಗೆ ಒಬ್ಬರು ಬೆನ್ನ ಹಿಂದೆ ಮಾತಾಡುವುದು ಶುರುವಾಗುತ್ತದೆ. ಅದು ಎದುರಾಎದುರು ಜಗಳಕ್ಕಿಂತ ಕೆಟ್ಟದ್ದು.

ನಮ್ಮ ನೆಲಕ್ಕೆ ಇದು ಹೊಸದೇನಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದಲ್ಲಿ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಬೇರೆಯವರ ವಿಚಾರವನ್ನೂ ಬೇರೆಯವರ ಧರ್ಮವನ್ನೂ ಸಹಿಸುವುದೇ ನಿಜವಾದ ಬಂಗಾರ ಅನ್ನುತ್ತದೆ. ಮುಂದೆ 12ನೇ ಶತಮಾನದಲ್ಲಿ ಕಲ್ಯಾಣದ, ಅಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದ ಶರಣರು ಒಬ್ಬರನ್ನೊಬ್ಬರು ನೇರವಾಗಿ ಪ್ರಶ್ನೆ ಕೇಳಿದರು. ಹಾಗಾಗಿ ಪ್ರಶ್ನೆ ಕೇಳುವುದು ಪಾಪ ಅನ್ನುವ ಅಳುಕು ನಮಗೆ ಬೇಡ. ಹೇಗೆ ಕೇಳಬೇಕು ಅನ್ನುವುದಷ್ಟೇ ಕಲಿಯಬೇಕು.

ಜಾಗ, ಹೊತ್ತು, ಜನ

ವಾದ ಶುರು ಮಾಡುವ ಮುಂಚೆ ಸುತ್ತ ನೋಡಿ. ಸಾವಿನ ಮನೆ, ಆಸ್ಪತ್ರೆ, ಮದುವೆ ಚಪ್ಪರ, ರಥ ಎಳೆಯುವ ಹೊತ್ತು, ರಂಜಾನಿನ ಉಪವಾಸ ಬಿಡುವ ಹೊತ್ತು, ಇವು ವಾದದ ಹೊತ್ತಲ್ಲ. ಮೂರರಿಂದ ಐದು ಜನ ಇದ್ದರೆ ಮಾತು ಚೆನ್ನಾಗಿ ನಡೆಯುತ್ತದೆ. ಹತ್ತು ಜನ ಸೇರಿದರೆ ಪ್ರತಿಯೊಬ್ಬರೂ ಉಳಿದವರಿಗೆ ಕೇಳಲಿ ಅಂತ ಮಾತಾಡುತ್ತಾರೆ, ಎದುರಿನವನಿಗೆ ಯಾರೂ ಉತ್ತರ ಕೊಡುವುದಿಲ್ಲ. ಗುಂಪಿನಲ್ಲಿ ಒಬ್ಬನೇ ನಾಸ್ತಿಕನಿದ್ದು ಎಲ್ಲರೂ ಅವನ ಮೇಲೆ ಬಿದ್ದರೆ ಅದು ವಾದವೇ ಅಲ್ಲ. ನಾಲ್ಕು ಜನ ನಾಸ್ತಿಕರ ನಡುವೆ ಒಬ್ಬ ಭಕ್ತ ಸಿಕ್ಕಿಬಿದ್ದರೂ ಅಷ್ಟೇ. ಆಗ ಯಾರಾದರೂ ಒಬ್ಬರು ಆ ಒಂಟಿ ಮನುಷ್ಯನ ಕಡೆಯಿಂದ ಮಾತಾಡಬೇಕು. ನಿಮ್ಮ ನಂಬಿಕೆ ಬೇರೆ ಇದ್ದರೂ ಇದನ್ನು ಮಾಡಿ ನೋಡಿ, ಮಾತಿನ ದಾರಿಯೇ ಬದಲಾಗುತ್ತದೆ.

ಇನ್ನು ವಾಟ್ಸಾಪ್ ಗುಂಪು. ಬಡ್ಡಿಮಗ ಅಂತ ನಕ್ಕು ಅಂದಿದ್ದು ಎದುರಿಗೆ ಪ್ರೀತಿಯಂತೆ ಕೇಳುತ್ತದೆ, ಬರೆದಾಗ ಬೈಗುಳದಂತೆ ಕಾಣುತ್ತದೆ. ದನಿ ಏರುತ್ತಿದೆ ಅನ್ನಿಸಿದ ಕೂಡಲೇ ಬರೆಯುವುದು ನಿಲ್ಲಿಸಿ ಫೋನ್ ಮಾಡಿ. ಅಥವಾ ಸಂಜೆ ಬಾ ಅಂತ ಕರೆಯಿರಿ.

ಅವರು ಏನು ನಂಬುತ್ತಾರೆ ಅಂತ ಮೊದಲು ಕೇಳಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ನಮ್ಮಲ್ಲಿ ಮುಕ್ಕಾಲು ಪಾಲು ಜಗಳ ಆಗುವುದು ಎದುರಿನವರು ಯಾವತ್ತೂ ಹೇಳದ ಮಾತಿನ ಮೇಲೆ. ಹೆಸರು, ಅಡ್ಡಹೆಸರು, ಊರು, ಹಣೆ ನೋಡಿ ಇವನು ಇಂಥವನು ಅಂತ ತೀರ್ಮಾನ ಮಾಡಿಬಿಡುತ್ತೇವೆ.

ನಮ್ಮ ಭಾಗದಲ್ಲಂತೂ ಆ ಲೆಕ್ಕ ಹಿಡಿಯುವುದೇ ಇಲ್ಲ. ಬೀದರ ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಉರುಸಿಗೆ ಹಿಂದೂಗಳೂ ಸೇರುತ್ತಾರೆ. ಸುರಪುರ ತಾಲೂಕಿನ ತಿಂಥಣಿ ಮೌನೇಶ್ವರನಿಗೆ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಗೂ ಖಾಜಾ ಬಂದೇನವಾಜ್ ದರ್ಗಾಕ್ಕೂ ಎರಡೂ ಕಡೆ ಕೈ ಮುಗಿಯುವವರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ. ಇಷ್ಟಲಿಂಗ ಕಟ್ಟಿಕೊಂಡ ಹಿರಿಯರೊಬ್ಬರು ಗುಡಿಯ ಮೆಟ್ಟಿಲು ಹತ್ತದೆ ಇರಬಹುದು. ಅವರನ್ನು ನಾಸ್ತಿಕ ಅಂದರೆ ಅವರಿಗೆ ನೋವಾಗುತ್ತದೆ, ಮಾತೂ ತಪ್ಪಾಗುತ್ತದೆ. ಬುದ್ಧ ವಿಹಾರಕ್ಕೆ ಹೋಗಿ ಹೂವಿಟ್ಟು ಬರುವ ಗೆಳೆಯ ಜಗತ್ತನ್ನು ಮಾಡಿದ ದೇವರೊಬ್ಬನಿದ್ದಾನೆ ಅಂತ ಒಪ್ಪುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಅವರು ಬೋಧಿಸಿದ 22 ಪ್ರತಿಜ್ಞೆಗಳು ಅವನಿಗೆ ಬಾಯಿಪಾಠ ಇರಬಹುದು. ಅವನಿಗೆ ಧರ್ಮ ಇದೆ, ಸೃಷ್ಟಿ ಮಾಡಿದ ದೇವರಿಲ್ಲ. ಜೈನರಲ್ಲೂ ಹಾಗೇ. ಹಳೆಯ ಸಾಂಖ್ಯ, ಮೀಮಾಂಸೆ ದರ್ಶನಗಳವರೂ ಸೃಷ್ಟಿಕರ್ತ ಬೇಕು ಅಂತ ಹಟ ಹಿಡಿದವರಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಬೌದ್ಧ ಸ್ತೂಪ ಇತ್ತು, ಕಾಗಿಣಾ ದಂಡೆಯ ಮಳಖೇಡದಲ್ಲಿ ಜೈನ ಪಂಡಿತರಿದ್ದರು. ಸೃಷ್ಟಿಕರ್ತನನ್ನು ಒಪ್ಪದವರು ಇಲ್ಲಿ ನೂರಾರು ವರ್ಷ ಮರ್ಯಾದೆಯಿಂದ ಬಾಳಿದ್ದಾರೆ. ನಾಸ್ತಿಕತೆ ಹೊರದೇಶದಿಂದ ಬಂದ ಚಾಳಿ ಅನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ಹಾಗಾಗಿ ಕೇಳಿಬಿಡಿ. "ಕಾಕಾ, ನೀವು ದೇವರು ಅಂದರೆ ಏನಂತ ತಿಳಿದೀರಿ?" "ಲೇ, ನೀ ನಂಬಲ್ಲ ಅಂತಿಯಲ್ಲ, ಏನು ನಂಬಲ್ಲ? ದೇವರನ್ನೋ, ಪೂಜಾರಿಯನ್ನೋ, ಜ್ಯೋತಿಷ್ಯವನ್ನೋ?" ಹೀಗೆ ಕೇಳಿದರೆ ಅರ್ಧ ವಾದ ಅಲ್ಲೇ ಕರಗಿ ಹೋಗುತ್ತದೆ. ದೇವರನ್ನು ನಂಬುವ ಎಷ್ಟೋ ಜನ ಜ್ಯೋತಿಷ್ಯ ನಂಬುವುದಿಲ್ಲ. ನಾಸ್ತಿಕ ಅಂತ ಹೇಳಿಕೊಳ್ಳುವ ಎಷ್ಟೋ ಜನರಿಗೆ ಸಿಟ್ಟಿರುವುದು ದೇವರ ಮೇಲಲ್ಲ, ಚಿಕ್ಕಂದಿನಲ್ಲಿ ಗುಡಿಯ ಹೊರಗೆ ನಿಲ್ಲಿಸಿದವರ ಮೇಲೆ. ಆ ಸಿಟ್ಟಿಗೆ ದೇವರಿದ್ದಾನೆ ಅನ್ನುವ ತರ್ಕ ಉತ್ತರವಾಗುವುದಿಲ್ಲ. ಅಲ್ಲಿ ಭಕ್ತನಾದವನು ಸುಮ್ಮನೆ ಕೂತು ಕೇಳಬೇಕು. ಹೌದು, ಅದು ಅನ್ಯಾಯ ಅಂತ ಒಪ್ಪಬೇಕು.

ಒಂದು ಸಲಕ್ಕೆ ಒಂದೇ ಮಾತು

ದೇವರಿದ್ದಾನಾ, ಪವಾಡ ನಿಜವಾ, ಗ್ರಂಥ ದೇವರ ಮಾತಾ, ಧರ್ಮದಿಂದ ಸಮಾಜಕ್ಕೆ ಒಳ್ಳೆಯದಾಗಿದೆಯಾ, ದೇವರಿಲ್ಲದೆ ನೀತಿ ಇರಬಹುದಾ? ಇವು ಐದು ಬೇರೆ ಬೇರೆ ಪ್ರಶ್ನೆ. ಒಂದಕ್ಕೆ ಉತ್ತರ ಸಿಗದೆ ಇದ್ದಾಗ ಇನ್ನೊಂದಕ್ಕೆ ಹಾರುವುದು ಎರಡೂ ಕಡೆಯವರ ಅಭ್ಯಾಸ. ನಾಸ್ತಿಕ ಪವಾಡದ ಬಗ್ಗೆ ಕೇಳಿದರೆ ಭಕ್ತ ದಾಸೋಹದ ಪುಣ್ಯ ಹೇಳುತ್ತಾನೆ. ಭಕ್ತ ಜಗತ್ತು ಎಲ್ಲಿಂದ ಬಂತು ಅಂತ ಕೇಳಿದರೆ ನಾಸ್ತಿಕ ಸ್ವಾಮಿಗಳ ಕಾರಿನ ಬೆಲೆ ಹೇಳುತ್ತಾನೆ. ದಾಸೋಹವೂ ನಿಜ, ಕಾರೂ ನಿಜ, ಕೇಳಿದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಆದ್ದರಿಂದ ಇವತ್ತು ಯಾವ ಪ್ರಶ್ನೆ ಅಂತ ಬಾಯಿ ಬಿಟ್ಟು ಹೇಳಿ ಶುರು ಮಾಡಿ. ಆಮೇಲೆ ಇನ್ನೊಂದು ನೋಡಿಕೊಳ್ಳಿ: ಇದು ಪರೀಕ್ಷೆ ಮಾಡಿ ನೋಡಬಹುದಾದ ಮಾತೋ, ಅಲ್ಲವೋ? 1995ರ ಸೆಪ್ಟೆಂಬರ್ 21ರಂದು ದೇಶದ ತುಂಬಾ ಗಣಪತಿ ಮೂರ್ತಿಗಳು ಹಾಲು ಕುಡಿಯುತ್ತಿವೆ ಅಂತ ಸುದ್ದಿ ಹಬ್ಬಿತ್ತು. ಅದು ಕಣ್ಣಿಗೆ ಕಾಣುವ ಘಟನೆ, ಹಾಗಾಗಿ ಪರೀಕ್ಷೆ ಮಾಡಬಹುದಿತ್ತು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು. ಚಮಚದ ಹಾಲು ಮೇಲ್ಮೈ ಎಳೆತದಿಂದ ಮೂರ್ತಿಯ ಮೈಗೆ ಅಂಟಿ ತೆಳುವಾಗಿ ಕೆಳಗೆ ಇಳಿಯುತ್ತಿತ್ತು. ಇಂಥ ಕಡೆ ಭಕ್ತರು ಪರೀಕ್ಷೆಗೆ ಒಪ್ಪಬೇಕು, ಫಲಿತಾಂಶಕ್ಕೂ ಒಪ್ಪಬೇಕು. ಅದರಿಂದ ನಮ್ಮ ಭಕ್ತಿಗೆ ಏನೂ ಕಡಿಮೆಯಾಗುವುದಿಲ್ಲ.

ಆದರೆ "ಪ್ರಾರ್ಥನೆ ಮಾಡಿದಾಗ ನನ್ನ ಮನಸ್ಸಿಗೆ ಧೈರ್ಯ ಬರುತ್ತದೆ" ಅಂತ ಒಬ್ಬ ತಾಯಿ ಹೇಳಿದರೆ ಅದನ್ನು ಪ್ರಯೋಗಾಲಯಕ್ಕೆ ಎಳೆಯಬೇಡಿ. ಅವರು ಹೇಳಿದ್ದು ತಮ್ಮ ಮನಸ್ಸಿನ ಬಗ್ಗೆ. ಅದನ್ನು ನಂಬಿ. ಹಾಗೆಯೇ ಆ ಅನುಭವವನ್ನು ಮುಂದಿಟ್ಟು "ಅದಕ್ಕೇ ದೇವರಿದ್ದಾನೆ, ನೀನೂ ಒಪ್ಪು" ಅಂತ ಬೇರೆಯವರನ್ನು ಒತ್ತಾಯಿಸುವುದೂ ಸರಿಯಲ್ಲ.

ಅವರ ಮಾತನ್ನು ನೀವೇ ಹೇಳಿ ತೋರಿಸಿ

ನಮ್ಮ ಹಳೆಯ ಪಂಡಿತರು ತಮ್ಮ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ಮಾತನ್ನು ಪೂರ್ವಪಕ್ಷ ಅಂತ ಇಡುತ್ತಿದ್ದರು. ಈ ಪದ್ಧತಿಯನ್ನು ಚಹಾದ ಅಂಗಡಿಗೆ ತರಬಹುದು. ನಿಯಮ ಸರಳ. ನಾನು ಉತ್ತರ ಕೊಡುವ ಮುಂಚೆ ನಿನ್ನ ಮಾತನ್ನು ನನ್ನ ಬಾಯಿಂದ ಹೇಳುತ್ತೇನೆ. "ಹಾಂ, ಇದೇ ನಾನು ಹೇಳಿದ್ದು" ಅಂತ ನೀನು ಒಪ್ಪಿದ ಮೇಲೆ ಮಾತ್ರ ನನ್ನ ಸರದಿ.

ಮಾಡಿ ನೋಡಿದರೆ ಗೊತ್ತಾಗುತ್ತದೆ ಇದು ಎಷ್ಟು ಕಷ್ಟ ಅಂತ. ನಾವು ಎದುರಿನವರ ಮಾತಿನ ಅತಿ ದುರ್ಬಲ ರೂಪವನ್ನು ಹಿಡಿದುಕೊಂಡಿರುತ್ತೇವೆ. ಅದಕ್ಕೆ ಇಬ್ಬರ ಗಟ್ಟಿ ಮಾತುಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಸ್ತಿಕರ ಅತಿ ಗಟ್ಟಿ ಮಾತು ನೋವಿನದು. ದೇವರು ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ಕರುಣೆಯುಳ್ಳವನು ಅಂತಾದರೆ ಏನೂ ತಪ್ಪು ಮಾಡದ ಹಸುಗೂಸು ಯಾಕೆ ನರಳಬೇಕು? ಕರ್ಮ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸುಲಭ. ಆದರೆ ಆ ಮಾತನ್ನು ಮಗು ಕಳೆದುಕೊಂಡ ತಾಯಿಯ ಎದುರು ಹೇಳಲು ನಿಮಗೆ ಬಾಯಿ ಬರುತ್ತದಾ? ನನಗೆ ಬರುವುದಿಲ್ಲ. ಅವರ ಇನ್ನೊಂದು ಗಟ್ಟಿ ಮಾತು ಹುಟ್ಟಿನದು. ಆಳಂದದಲ್ಲಿ ಹುಟ್ಟಿದವನಿಗೆ ಒಂದು ದೇವರು, ದೂರದ ಇನ್ನೊಂದು ದೇಶದಲ್ಲಿ ಹುಟ್ಟಿದವನಿಗೆ ಇನ್ನೊಂದು. ಹೆಚ್ಚಿನವರು ಅಪ್ಪ ಅಮ್ಮನ ಧರ್ಮವನ್ನೇ ಸತ್ಯ ಅನ್ನುತ್ತಾರೆ. ಹಾಗಾದರೆ ಆ ಸತ್ಯ ಹುಡುಕಿ ಸಿಕ್ಕಿದ್ದಾ, ಹುಟ್ಟಿನಿಂದ ಬಂದದ್ದಾ? ಭಕ್ತನಾದವನು ಈ ಎರಡು ಪ್ರಶ್ನೆಗಳ ಜೊತೆ ರಾತ್ರಿ ಒಬ್ಬನೇ ಕೂರಬೇಕು.

ಭಕ್ತರ ಗಟ್ಟಿ ಮಾತು ಏನು? ಏನೂ ಇಲ್ಲದೆ ಇರುವ ಬದಲು ಏನೋ ಒಂದು ಯಾಕೆ ಇದೆ? ಜಗತ್ತು ಹೇಗೆ ನಡೆಯುತ್ತದೆ ಅಂತ ವಿಜ್ಞಾನ ಚೆನ್ನಾಗಿ ಹೇಳುತ್ತದೆ. ನಿಯಮಗಳೇ ಯಾಕಿವೆ ಅನ್ನುವ ಪ್ರಶ್ನೆ ಇನ್ನೂ ತೆರೆದೇ ಇದೆ. ದೇವರೇ ಕಾರಣ ಅಂದರೆ ದೇವರಿಗೆ ಕಾರಣ ಯಾರು ಅಂತ ನಾಸ್ತಿಕರು ಕೇಳುವುದು ನ್ಯಾಯವೇ. ಆದರೆ ಅದು ಭಕ್ತನ ಉತ್ತರವನ್ನು ಪ್ರಶ್ನೆ ಮಾಡಿತೇ ಹೊರತು ಮೊದಲ ಪ್ರಶ್ನೆಯನ್ನು ಅಳಿಸಲಿಲ್ಲ. ಎರಡನೆಯದು, ಭಕ್ತಿ ಅಂದರೆ ಬರೀ ಭಯ ಅಲ್ಲ. ಜಾತಿಯನ್ನೂ ಮೂಢನಂಬಿಕೆಯನ್ನೂ ಖಾರವಾಗಿ ಪ್ರಶ್ನೆ ಮಾಡಿದವರಲ್ಲಿ ಭಕ್ತರೇ ಮುಂದಿದ್ದರು. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜವಾದ ನಾಗರ ಕಂಡರೆ ಕೊಲ್ಲು ಅನ್ನುವವರನ್ನು ತರಾಟೆಗೆ ತೆಗೆದುಕೊಂಡವರು ಕೂಡಲಸಂಗಮನ ಭಕ್ತ ಬಸವಣ್ಣ. ದೇವರನ್ನು ನಂಬುವವರು ಯೋಚನೆ ಮಾಡುವುದಿಲ್ಲ ಅನ್ನುವ ನಾಸ್ತಿಕ ಗೆಳೆಯ ಬೀದರ ಜಿಲ್ಲೆಯ ಈ ಚರಿತ್ರೆಗೆ ಉತ್ತರ ಕೊಡಬೇಕಾಗುತ್ತದೆ.

ಸಾಬೀತು ಮಾಡುವ ಹೊಣೆ ಯಾರದು ಅನ್ನುವ ಮಾತೂ ಬರುತ್ತದೆ. ಇದೆ ಅನ್ನುವವನೇ ತೋರಿಸಬೇಕು, ಇದು ಸಾಮಾನ್ಯ ನ್ಯಾಯ. "ಇಲ್ಲ ಅಂತ ನೀ ತೋರಿಸು" ಅಂತ ಭಕ್ತರು ಸವಾಲು ಹಾಕುವುದು ಸರಿಯಲ್ಲ. ಆದರೆ "ನನಗೆ ಸಾಕಷ್ಟು ಆಧಾರ ಕಾಣಲಿಲ್ಲ" ಅನ್ನುವುದನ್ನು ಬಿಟ್ಟು "ದೇವರು ಇಲ್ಲವೇ ಇಲ್ಲ, ಇದು ಖಚಿತ" ಅಂದರೆ ಆಗ ನಾಸ್ತಿಕನ ಹೆಗಲಿಗೂ ಹೊಣೆ ಬರುತ್ತದೆ.

ಕಥೆ ಹೇಳುವ ಮುಂಚೆ ತಿಳಿದುಕೊಳ್ಳಿ

ಐನ್‌ಸ್ಟೈನ್ ಹೆಸರು ಎರಡೂ ಕಡೆಯವರ ಬಾಯಲ್ಲಿದೆ. 1929ರಲ್ಲಿ ಯಹೂದಿ ಧರ್ಮಗುರು ಒಬ್ಬರು ಕೇಳಿದಾಗ ಅವರು ತತ್ವಜ್ಞಾನಿ ಸ್ಪಿನೋಜಾ ಹೇಳಿದ ದೇವರನ್ನು, ಅಂದರೆ ಜಗತ್ತಿನ ನಿಯಮಬದ್ಧ ಹೊಂದಾಣಿಕೆಯಲ್ಲಿ ಕಾಣುವ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ ನೋಡಿಕೊಳ್ಳುವ ದೇವರನ್ನಲ್ಲ ಅಂದರು. 1954ರಲ್ಲಿ ಬರೆದ ಪತ್ರದಲ್ಲಿ ದೇವರು ಅನ್ನುವ ಪದವನ್ನು ಮನುಷ್ಯನ ದೌರ್ಬಲ್ಯದಿಂದ ಹುಟ್ಟಿದ್ದು ಅಂದರು. ಭಕ್ತರು ಮೊದಲನೆಯದರ ಅರ್ಧ ಹೇಳುತ್ತಾರೆ, ನಾಸ್ತಿಕರು ಎರಡನೆಯದನ್ನು ಮಾತ್ರ ಹೇಳುತ್ತಾರೆ. ಎರಡನ್ನೂ ಹೇಳಿ.

ಡಾರ್ವಿನ್ ಸಾಯುವಾಗ ವಿಕಾಸವಾದ ಬಿಟ್ಟು ದೇವರ ಕಡೆ ತಿರುಗಿದ ಅನ್ನುವ ಕಥೆ ಸುಳ್ಳು. ಅವನು ತೀರಿಕೊಂಡದ್ದು 1882ರಲ್ಲಿ, ಕಥೆ ಅಚ್ಚಾದದ್ದು 1915ರಲ್ಲಿ. ಅವನ ಮಗಳೇ ಅದನ್ನು ಅಲ್ಲಗಳೆದಳು. ಇನ್ನೊಂದು ಕಡೆ, ಗೆಲಿಲಿಯೋನನ್ನು ಚರ್ಚು ಸುಟ್ಟು ಹಾಕಿತು ಅಂತ ನಾಸ್ತಿಕರು ಹೇಳುವುದುಂಟು. 1600ರಲ್ಲಿ ಸುಟ್ಟದ್ದು ಇಟಲಿಯ ಇನ್ನೊಬ್ಬ ಚಿಂತಕ ಬ್ರೂನೋನನ್ನು. ಗೆಲಿಲಿಯೋಗೆ 1633ರಲ್ಲಿ ಶಿಕ್ಷೆಯಾಗಿ, 1642ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿ ಇದ್ದ. ಅನ್ಯಾಯ ಅದೂ ಹೌದು. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಸೂರ್ಯನಿಂದ ಓಂ ಶಬ್ದ ಬರುತ್ತದೆ ಅಂತ ನಾಸಾ ಹೇಳಿದೆ ಅನ್ನುವ ಫಾರ್ವರ್ಡ್ ಬಂದರೆ ಅದನ್ನು ಅಳಿಸಿ. ನಮ್ಮ ದೇವರಿಗೆ ಸುಳ್ಳಿನ ಆಸರೆ ಬೇಕಿಲ್ಲ.

ಮಷ್ಕಿರಿಗೆ ಒಂದು ಗೆರೆ

ಗೆಳೆಯರು ಅಂದ ಮೇಲೆ ಮಷ್ಕಿರಿ ಇರಬೇಕು. "ಅಲ್ಲಪಾ, ದೇವರಿಲ್ಲ ಅಂತಿ, ಮತ್ತ ಎಳ್ಳ ಅಮಾಸಿಗಿ ಹೊಲಕ್ಕ ಭಜ್ಜಿ ತಿನ್ಲಾಕ ಯಾಕ ಬರ್ತಿ?" ಅಂದರೆ, "ಚರಗ ನೀ ಚೆಲ್ಲು, ಭಜ್ಜಿ ನಾ ನೋಡ್ಕೋತೀನಿ" ಅಂತ ಅವನು ಅನ್ನುತ್ತಾನೆ. (ಚರಗ ಅಂದರೆ ಆ ದಿನ ಹೊಲದಲ್ಲಿ ಚೆಲ್ಲುವ ನೈವೇದ್ಯ.) ಇದು ಚೆಂದ. ಯಾಕೆಂದರೆ ಇಬ್ಬರೂ ಒಂದೇ ಹೊಲದಲ್ಲಿ ಒಟ್ಟಿಗೆ ಕೂತು ಊಟ ಮಾಡುತ್ತಿದ್ದಾರೆ.

ನಾನು ಇಟ್ಟುಕೊಂಡಿರುವ ಗೆರೆ ಇದು. ಮಾತನ್ನು, ವಾದವನ್ನು, ನಮ್ಮ ನಡೆ ನುಡಿಯನ್ನು ಎಷ್ಟು ಬೇಕಾದರೂ ತಮಾಷೆ ಮಾಡಿ. ದೇವರು, ಪ್ರವಾದಿ, ಶರಣರು, ಸಂತರು, ಇವರನ್ನು ಅಣಕ ಮಾಡಬೇಡಿ. ಯಾರ ತಾಯಿಯ ಪೂಜೆಯನ್ನೂ ನಗೆಗೆ ಎಳೆಯಬೇಡಿ. ನಾಸ್ತಿಕನ ಮನೆಯಲ್ಲಿ ಕಾಯಿಲೆ, ಸಾವು, ನಷ್ಟ ಆದಾಗ "ನೋಡು, ದೇವರು ತೋರಿಸಿದ" ಅನ್ನುವುದು ಮಷ್ಕಿರಿ ಅಲ್ಲ, ಕ್ರೌರ್ಯ. ಭಕ್ತರ ಬಾಯಿಂದ ಈ ಮಾತು ಬಂದಾಗ ನನಗೆ ತಲೆ ತಗ್ಗಿಸುವ ಹಾಗಾಗುತ್ತದೆ. ಇನ್ನೊಂದು, ನಿಮ್ಮ ಓಣಿಯ ಬೇರೆ ಧರ್ಮದವರ ಬಗ್ಗೆ, ಅವರಿಲ್ಲದಾಗ ತಮಾಷೆ ಬೇಡ. ನಿಮ್ಮ ಮನೆಯ ಪದ್ಧತಿಯನ್ನೇ ಮೊದಲು ಪ್ರಶ್ನೆಗೆ ಇಡಿ.

ಕಾನೂನೂ ಗೊತ್ತಿರಲಿ. ಬೇಕೆಂದೇ, ಕೆಟ್ಟ ಉದ್ದೇಶದಿಂದ ಯಾರದೇ ಧಾರ್ಮಿಕ ಭಾವನೆ ಕೆರಳಿಸುವುದು ಅಪರಾಧ. ಭಾರತೀಯ ದಂಡ ಸಂಹಿತೆಯಲ್ಲಿ 1927ರಲ್ಲಿ ಬಂದ 295ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಆಗಿದೆ. ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ನಾಲ್ಕು ಜನ ಗೆಳೆಯರ ನಡುವೆ ನಕ್ಕು ಬಿಟ್ಟ ಮಾತು ಸ್ಕ್ರೀನ್‌ಶಾಟ್ ಆಗಿ ಊರು ಸುತ್ತಿದರೆ ಅದರ ಅರ್ಥವೇ ಬೇರೆಯಾಗುತ್ತದೆ. ಗೆಳೆಯನ ಮಾತನ್ನು ಗುಂಪಿನ ಹೊರಗೆ ಕಳಿಸುವುದಿಲ್ಲ ಅಂತ ಎಲ್ಲರೂ ಮೊದಲೇ ಮಾತು ಕೊಟ್ಟುಕೊಳ್ಳಿ. ಹಾಗೇ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ವೈಜ್ಞಾನಿಕ ಮನೋಭಾವ ಬೆಳೆಸುವುದನ್ನು 1976ರ ತಿದ್ದುಪಡಿಯಲ್ಲಿ ಸೇರಿದ 51ಎ ವಿಧಿ ಪ್ರತಿ ನಾಗರಿಕನ ಕರ್ತವ್ಯ ಅಂತ ಹೇಳುತ್ತದೆ.

ವಾದ ಬಿಟ್ಟು ಕೆಲಸ ಮಾಡಬೇಕಾದಾಗ

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಮಕ್ಕಳು ಸರಿಹೋಗುತ್ತಾರೆ ಅನ್ನುವ ನಂಬಿಕೆ. ಆ ತಂದೆ ತಾಯಿ ಕೆಟ್ಟವರಲ್ಲ, ದಾರಿ ಕಾಣದವರು. ಇಂಥ ಕಡೆ ದೇವರಿದ್ದಾನೋ ಇಲ್ಲವೋ ಅಂತ ವಾದ ಮಾಡುತ್ತಾ ಕೂರಬಾರದು. ಭಕ್ತ, ನಾಸ್ತಿಕ ಇಬ್ಬರೂ ಒಟ್ಟಿಗೆ ಹೋಗಬೇಕು. ಭಕ್ತನ ಮಾತನ್ನು ಆ ಮನೆಯವರು ಬೇಗ ಕೇಳುತ್ತಾರೆ. ಗ್ರಹಣ ಅಂದರೆ ನೆರಳು ಅಂತ ಬಿಡಿಸಿ ಹೇಳುವುದು, ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ಪಿಂಚಣಿಯ ಕಾಗದ ಮಾಡಿಸುವುದು, ಇವನ್ನು ನಾಸ್ತಿಕ ಗೆಳೆಯನಿಗೆ ಬಿಡಿ. ಅಮಾನವೀಯ ಆಚರಣೆ ತಡೆಯುವ ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿದೆ. ಆದರೆ ಪೊಲೀಸರಿಗಿಂತ ಮೊದಲು ನಾವು ಆ ಮನೆಗೆ ಮುಟ್ಟಬೇಕು.

ಇಂಥ ಜೋಡಿಗೆ ಗಾಂಧೀಜಿ ಮತ್ತು ಆಂಧ್ರದ ನಾಸ್ತಿಕ ಗೋರಾ ಒಳ್ಳೆಯ ಉದಾಹರಣೆ. ಗೋಪರಾಜು ರಾಮಚಂದ್ರರಾವ್ 1940ರಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದವರು. 1944ರಿಂದ ಸೇವಾಗ್ರಾಮದಲ್ಲಿ ಇಬ್ಬರೂ ದೇವರ ಬಗ್ಗೆ ಮನಬಿಚ್ಚಿ ಮಾತಾಡಿದರು. ಇಬ್ಬರೂ ತಮ್ಮ ನಂಬಿಕೆ ಬಿಡಲಿಲ್ಲ, ಅಸ್ಪೃಶ್ಯತೆ ಹೋಗಬೇಕು ಅನ್ನುವುದರಲ್ಲಿ ಕೈ ಜೋಡಿಸಿದರು. ಗೋರಾ ಅವರ ಮಗಳು ದಲಿತ ಯುವಕನನ್ನು ಮದುವೆಯಾಗಲು ನಿಂತಾಗ ಮದುವೆ ಸೇವಾಗ್ರಾಮದಲ್ಲೇ ಆಗಲಿ, ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ಆಗಲಿ ಅಂತ ಗಾಂಧೀಜಿ ಒಪ್ಪಿದರು. ಅವರ ಹತ್ಯೆಯಾದ ಮೇಲೆ, 1948ರಲ್ಲಿ ಆ ಮದುವೆ ಅಲ್ಲೇ ನಡೆಯಿತು.

ಮನೆಯೊಳಗಿನ ವಾದ

ಗೆಳೆಯರಿಗಿಂತ ಮನೆಯಲ್ಲಿ ಇದು ಕಷ್ಟ. ಕಾಲೇಜಿಗೆ ಹೋದ ಮಗ ರಜೆಗೆ ಬಂದು ನಾನು ಪೂಜೆ ಮಾಡಲ್ಲ ಅಂದರೆ ಅಪ್ಪನಿಗೆ ಅದು ದೇವರಿಗಿಂತ ಹೆಚ್ಚಾಗಿ ತನಗೇ ಹೇಳಿದ ಹಾಗೆ ಕೇಳುತ್ತದೆ. ಮಗನಿಗೆ ಒಂದು ಮಾತು: ಹಬ್ಬದ ದಿನ ಎಲ್ಲರೆದುರು ಹೇಳಬೇಡ. ಬೇರೆ ದಿನ ಅಪ್ಪ ಒಬ್ಬರೇ ಇದ್ದಾಗ ಕೂತು ಹೇಳು. "ಅಪ್ಪಾ, ನಿಮ್ಮ ಜೊತೆ ಗುಡಿಗೆ ಬರ್ತೀನಿ, ಗಾಡಿ ನಾನೇ ಓಡಿಸ್ತೀನಿ. ಒಳಗೆ ಕೈ ಮುಗಿಯೋಕೆ ಮಾತ್ರ ಒತ್ತಾಯ ಮಾಡಬೇಡಿ" ಅಂದರೆ ಎಷ್ಟೋ ಅಪ್ಪಂದಿರು ಒಪ್ಪುತ್ತಾರೆ.

ಅಪ್ಪ ಅಮ್ಮಂದಿರಿಗೂ ಹೇಳಬೇಕು. ಊಟ ಹಾಕಲ್ಲ, ಫೀಸು ಕಟ್ಟಲ್ಲ ಅಂತ ಹೆದರಿಸಿ ಕೈ ಮುಗಿಸಿದರೆ ಮಗ ನಂಬಿಕೆ ಕಲಿಯುವುದಿಲ್ಲ, ಸುಳ್ಳು ಹೇಳುವುದನ್ನು ಕಲಿಯುತ್ತಾನೆ. ಅವನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹೊಸದಾಗಿ ಬಂದ ಸೊಸೆಯ ಮೇಲಂತೂ ಈ ಒತ್ತಾಯ ಇನ್ನೂ ಜಾಸ್ತಿ ಬೀಳುತ್ತದೆ. ಅವಳು ಉಪವಾಸ ಮಾಡುತ್ತಾಳೋ ಇಲ್ಲವೋ ಅನ್ನುವುದನ್ನು ಅವಳಿಗೇ ಬಿಡಬೇಕು. ಆ ಮಾತನ್ನು ಅತ್ತೆಯ ಎದುರು ಗಂಡನೇ ಆಡಬೇಕು, ಅವಳ ಪಾಲಿಗೆ ಬಿಡಬಾರದು.

ಮಾತು ಕೆಟ್ಟು ಹೋದರೆ ಏನು ಮಾಡುವುದು? ಮರುದಿನವೇ ಹೋಗಿ. ವಾದವನ್ನು ಮತ್ತೆ ಎತ್ತಬೇಡಿ. ಯಾವ ಮಾತು ಅತಿಯಾಯಿತೋ ಅದೊಂದಕ್ಕೆ ತಪ್ಪಾಯಿತು ಅನ್ನಿ, ನಿಮ್ಮ ನಂಬಿಕೆಗೆ ಕ್ಷಮೆ ಕೇಳುವುದು ಬೇಡ. ಅದರ ಹಿಂದೆ "ಆದರೆ..." ಅಂತ ಬಾಲ ಸೇರಿಸಬೇಡಿ. ವಾರ ಬಿಟ್ಟು ಅವರೇ ಆ ವಿಷಯ ತೆಗೆದರೆ, ಹಿಂದಿನ ಸಲ ಎಲ್ಲಿ ನಿಂತಿತ್ತು ಅಂತ ಕೇಳಿ, ಅವರ ಮಾತನ್ನು ನಿಮ್ಮ ಬಾಯಿಂದ ಹೇಳಿ ಶುರು ಮಾಡಿ.